ಮೈಲಿಗೆ ಬಟ್ಟೆ, ಗುಜರಿ ಮೆಷಿನ್ನು, ನಾವು ನಾಲ್ಕು ಜನ



ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಹೋದ ವಾರ ಸಭೆ ಮುಗಿದ ಮೇಲೆ ಟೀ ಅಂಗಡಿ ಹತ್ರ ಸಂಘಟನೆಯ ಒಬ್ಬ ತಮ್ಮ ನನ್ನನ್ನ ಹಿಡ್ಕೊಂಡ. "ಅಣ್ಣಾ, ಮಾಡೋ ಕೆಲಸ ಬೆಟ್ಟದಷ್ಟಿದೆ. ನೀವು ನೋಡಿದ್ರೆ ಭಾನುವಾರ ಭಾನುವಾರ ಗುಜರಿ ವಾಷಿಂಗ್ ಮೆಷಿನ್ ಬಿಚ್ಕೊಂಡು ಕೂತಿರ್ತೀರಂತೆ?" ಅಂದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಅಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಒಂದು ಟೀ ಮುಗಿಯೋದರೊಳಗೆ ಹೇಳೋ ವಿಷಯ ಅಲ್ಲ ಅದು. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಹೌದು, ಬಿಚ್ಕೊಂಡು ಕೂತಿರ್ತೀವಿ. ನಾಲ್ಕು ಜನ ನಾವು. ನಾನು ನಿಮಗೆ ಗೊತ್ತಿರೋ ಹಾಗೆ ಎಫ್‌ಡಿಎ, ವಾರಪೂರ್ತಿ ಫೈಲು, ಟಪ್ಪಾಲು, ಟಿಪ್ಪಣಿ. ಎರಡನೆಯವನು ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್, ನನ್ನ ಹಾಸ್ಟೆಲ್ ಗೆಳೆಯ. ಅವನ ಮಗಳು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದ್ತಿದ್ದಾಳೆ, ನಮ್ಮೆಲ್ಲರಿಗಿಂತ ಅವಳ ಕೈ ಚುರುಕು. ನಾಲ್ಕನೆಯವರು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರೋ ಒಬ್ಬರು ಹಿರಿಯರು. ಅವರನ್ನ ಎಲ್ಲರೂ ವೈಂಡಿಂಗ್ ಅಣ್ಣ ಅಂತಾನೇ ಕರೀತೀವಿ. ಅವರ ಅಂಗಡಿ ಹಿಂದಿನ ತಗಡಿನ ಶೆಡ್ಡೇ ನಮ್ಮ ಜಾಗ.

ಈಗ ಬಿಚ್ಚಿರೋದು ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ಎಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ವಾಷಿಂಗ್ ಮೆಷಿನ್ ಜಾಹೀರಾತು ಬರೋಕೆ ಶುರುವಾಯ್ತಲ್ಲ, ಆ ಕಾಲದ್ದು. ಗುಜರಿಯವನು ತೂಕಕ್ಕೆ ಹಾಕಿ ಕೊಟ್ಟ. ತಳದ ತಗಡು ತುಕ್ಕು ಹಿಡಿದು ಉದುರ್ತಿತ್ತು, ಬೆಲ್ಟು ಹರಿದಿತ್ತು, ಆಯಿಲ್ ಸೀಲ್ ಒಣಗಿ ನೀರೆಲ್ಲ ಮೋಟಾರ್ ಕಡೆ ಇಳಿದಿತ್ತು. ಆದರೆ ಮೋಟಾರ್ ಒಳಗೆ ಪೂರ್ತಿ ತಾಮ್ರದ ತಂತಿ. ವೈಂಡಿಂಗ್ ಅಣ್ಣ ಅದನ್ನ ನೋಡಿ ಮದುವೆ ಊಟ ಸಿಕ್ಕವರ ಹಾಗೆ ಖುಷಿಯಾದರು. ಹುಡುಗಿಗೆ ಅವರೇ ತೋರಿಸಿಕೊಟ್ಟರು: ಒಗೆಯೋ ಮೋಟಾರ್‌ನಲ್ಲಿ ಒಂದೇ ಥರದ ಎರಡು ಕಾಯಿಲ್ ಇರ್ತವೆ, ಟೈಮರ್ ಆ ಕೆಪಾಸಿಟರನ್ನ ಒಂದ್ಸಲ ಈ ಕಾಯಿಲ್‌ಗೆ ಜೋಡಿಸ್ತದೆ, ಇನ್ನೊಂದ್ಸಲ ಆ ಕಾಯಿಲ್‌ಗೆ. ಅದಕ್ಕೇ ತಳದ ಚಕ್ರ ಸ್ವಲ್ಪ ಹೊತ್ತು ಎಡಕ್ಕೆ, ಸ್ವಲ್ಪ ಹೊತ್ತು ಬಲಕ್ಕೆ ತಿರುಗೋದು. ಕಲ್ಲಿನ ಮೇಲೆ ನಮ್ಮವ್ವ ಬಟ್ಟೆನ ಮಗುಚಿ ಮಗುಚಿ ಬಡೀತಿದ್ದಳಲ್ಲ, ಆ ಕೆಲಸಕ್ಕೆ ಇಷ್ಟೇ ಉಪಾಯ.

ಈ ಹುಚ್ಚು ಹಿಡಿಸಿದ್ದು ಡಿಪೋ ಗೆಳೆಯ. ಅವನು ಮೊಬೈಲಿನಲ್ಲಿ ಅಮೆರಿಕಾದವರ ವಿಡಿಯೋ ನೋಡ್ತಾನೆ. ಅಲ್ಲಿ ಹಳೇ ವಾಷಿಂಗ್ ಮೆಷಿನ್ ಹುಡುಕಿ ಸರಿ ಮಾಡೋದೇ ಕೆಲವರಿಗೆ ಒಂದು ದೊಡ್ಡ ಹವ್ಯಾಸ. ಒಬ್ಬರ ಮನೆಯಲ್ಲಿ ಎಲ್ಲರೂ ಸೇರಿ, ರಿಪೇರಿ ಮಾಡಿದ ಮೆಷಿನ್ನುಗಳನ್ನ ಸಾಲಾಗಿ ಓಡಿಸಿ, ಮನೆಯಿಂದ ತಂದ ಬಟ್ಟೆ ಒಗೆದು ಹಬ್ಬ ಮಾಡ್ತಾರೆ. ಕೊಲೊರಾಡೋ ರಾಜ್ಯದ ಈಟನ್ ಅನ್ನೋ ಊರಲ್ಲಿ ಲೀ ಮ್ಯಾಕ್ಸ್‌ವೆಲ್ ಅನ್ನೋ ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಸಾವಿರಕ್ಕೂ ಹೆಚ್ಚು ಮೆಷಿನ್ ಕೂಡಿಸಿ ಮ್ಯೂಸಿಯಂ ಮಾಡಿದ್ದಾರೆ. ಕೈಯಲ್ಲಿ ತಿರುಗಿಸೋವು, ಕಾಲಲ್ಲಿ ತುಳಿಯೋವು, ಮರದ ತೊಟ್ಟಿಯವು, ತಾಮ್ರದವು, ಎಲ್ಲ ಇವೆ.

ಅವರಲ್ಲಿ ತುಂಬಾ ಜನಕ್ಕೆ ಪ್ರೀತಿ ಮೇಟ್ಯಾಗ್ ಕಂಪನಿಯ ಮೆಷಿನ್ ಮೇಲೆ. ಅಯೋವಾ ರಾಜ್ಯದ ನ್ಯೂಟನ್ ಪಟ್ಟಣದಲ್ಲಿ ಹೊಲದ ಸಲಕರಣೆ ಮಾಡ್ತಿದ್ದ ಕಂಪನಿ ಅದು. 1907ರಲ್ಲಿ ಬಟ್ಟೆ ಒಗೆಯೋ ಮೆಷಿನ್ ಶುರು ಮಾಡ್ತು. ಆಗ ಹಳ್ಳಿಗಳಲ್ಲಿ ಕರೆಂಟ್ ಇಲ್ಲ. ಅದಕ್ಕೆ 1915ರ ಸುಮಾರಿಗೆ ಪೆಟ್ರೋಲ್ ಎಂಜಿನ್ ಕೂಡಿಸಿದರು. ಲೂನಾ ಥರ ಕಾಲಲ್ಲಿ ಒದ್ದು ಸ್ಟಾರ್ಟ್ ಮಾಡಿ, ಹೊಗೆ ಪೈಪನ್ನ ಕಿಟಕಿಯಿಂದ ಆಚೆ ಬಿಟ್ಟು, ಅಡುಗೆಮನೆ ಪಕ್ಕದಲ್ಲೇ ಬಟ್ಟೆ ಒಗೀತಿದ್ದರು! 1922ರಲ್ಲಿ ತೊಟ್ಟಿಯ ತಳದಿಂದ ನೀರು ಕಲಕೋ ಚಕ್ರ ಬಂತು. ಮೇಲೆ ಎರಡು ರಬ್ಬರ್ ಉರುಳೆ, ಅವುಗಳ ಮಧ್ಯೆ ಬಟ್ಟೆ ಹಾಕಿದರೆ ನೀರು ಹಿಂಡ್ತಿತ್ತು, ನಮ್ಮ ಕಬ್ಬಿನ ಹಾಲಿನ ಗಾಣದ ಹಾಗೆ. ಬೆರಳು ಸಿಕ್ಕಿದರೆ ಮೊಳಕೈವರೆಗೂ ಎಳ್ಕೊಳ್ತಿತ್ತು. ಹೀಗೆ ಕೈ ನಜ್ಜುಗುಜ್ಜಾದ ಮಕ್ಕಳು, ಹೆಂಗಸರು ಎಷ್ಟು ಜನ ಅಂದ್ರೆ, ಡಾಕ್ಟರುಗಳು ಆ ಗಾಯಕ್ಕೆ ಬೇರೆ ಹೆಸರೇ ಇಟ್ಟಿದ್ದರು. ಹಾಗಿದ್ದೂ ಆ ಉರುಳೆ ಮೆಷಿನ್ನನ್ನ ಕಂಪನಿ 1983ರವರೆಗೆ ತಯಾರಿಸ್ತು. ಮುಂದೆ ಬಾಗಿಲಿರೋ ಆಟೋಮ್ಯಾಟಿಕ್ 1937ರಲ್ಲೇ ಬೆಂಡಿಕ್ಸ್‌ನವರು ತಂದಿದ್ದರು. ಅದನ್ನ ನೆಲಕ್ಕೆ ಬೋಲ್ಟ್ ಹಾಕಿ ಬಿಗೀಬೇಕಿತ್ತು, ಇಲ್ಲದಿದ್ರೆ ತಿರುಗೋ ರಭಸಕ್ಕೆ ಮನೆಯಲ್ಲೆಲ್ಲ ನಡೆದಾಡ್ತಿತ್ತು.

ವಿಡಿಯೋಗಳಲ್ಲಿ ಇದೆಲ್ಲ ಚೆಂದ. ಬಣ್ಣ, ನಟ್ಟು, ಬೋಲ್ಟು, ಯಾವ ವರ್ಷದ ಮಾಡೆಲ್ಲು, ಎಲ್ಲ ಹೇಳ್ತಾರೆ. ನಾನು ಬಿಎಯಲ್ಲಿ ಹಿಸ್ಟರಿ ಓದಿದವನು, ನನಗೆ ಬೇರೆ ಒಂದು ತಲೆಹರಟೆ ಪ್ರಶ್ನೆ. ಈ ಮೆಷಿನ್ ಬರೋಕೆ ಮುಂಚೆ ಆ ಬಿಳಿಯರ ಮನೆಯ ಬಟ್ಟೆ ಯಾರು ಒಗೀತಿದ್ದರು?

ಅಮೆರಿಕಾದ ದಕ್ಷಿಣ ರಾಜ್ಯಗಳಲ್ಲಿ ಒಗೀತಿದ್ದವರು ಕಪ್ಪು ಹೆಂಗಸರು. ಗುಲಾಮಗಿರಿ ಹೋದ ಮೇಲೆ ಅವರಿಗೆ ಸಿಕ್ಕ ಕೆಲಸಗಳಲ್ಲಿ ಇದು ದೊಡ್ಡದು. ಸೋಮವಾರ ಮನೆಮನೆಗೆ ಹೋಗಿ ಗಂಟು ತರೋದು, ಬಾವಿಯಿಂದ ನೀರು ಹೊರೋದು, ಹಂಡೆಯಲ್ಲಿ ಕುದಿಸೋದು, ಸೋಪು ಕೂಡ ತಾವೇ ಮಾಡ್ಕೊಳ್ಳೋದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಶನಿವಾರ ತಲುಪಿಸೋದು. ಇಷ್ಟು ಕಷ್ಟ ಇದ್ದರೂ ಅಡುಗೆ ಕೆಲಸಕ್ಕಿಂತ ಇದನ್ನೇ ತುಂಬಾ ಜನ ಇಷ್ಟಪಡ್ತಿದ್ದರು. ಯಾಕಂದ್ರೆ ಒಡತಿಯ ಕಣ್ಣೆದುರು ನಿಂತು ಮಾಡಬೇಕಾಗಿರಲಿಲ್ಲ. ಸ್ವಂತ ಅಂಗಳ, ಪಕ್ಕದಲ್ಲಿ ಮಕ್ಕಳು, ಅಕ್ಕಪಕ್ಕದ ಹೆಂಗಸರು. ಆ ಅಂಗಳದಲ್ಲೇ ಸಂಘಟನೆ ಹುಟ್ಟಿದ್ದು.

1866ರಲ್ಲಿ, ಗುಲಾಮಗಿರಿ ಹೋಗಿ ಇನ್ನೂ ವರ್ಷ ಆಗ್ತಿತ್ತು, ಮಿಸಿಸಿಪ್ಪಿಯ ಜಾಕ್ಸನ್ ಊರಿನ ಅಗಸಗಿತ್ತಿಯರು ಒಂದೇ ದರ ಬೇಕು ಅಂತ ಮೇಯರ್‌ಗೆ ಪತ್ರ ಕೊಟ್ಟರು. 1881ರ ಜುಲೈನಲ್ಲಿ ಅಟ್ಲಾಂಟಾ ನಗರದಲ್ಲಿ ಇಪ್ಪತ್ತು ಜನ ಹೆಂಗಸರು ಸೇರಿ ಒಗೆಯುವವರ ಸಂಘ ಕಟ್ಟಿದರು. ಹನ್ನೆರಡು ಪೌಂಡ್ ಬಟ್ಟೆಗೆ ಒಂದು ಡಾಲರ್ ಕೊಡಿ, ಇಲ್ಲದಿದ್ರೆ ಒಗೆಯಲ್ಲ ಅಂದರು. ಮನೆಮನೆಗೆ ಹೋಗಿ ಜನ ಸೇರಿಸಿದರು. ಮೂರು ವಾರದಲ್ಲಿ ಇಪ್ಪತ್ತು ಇದ್ದದ್ದು 3,000 ಆಯ್ತು. ಫೋನಿಲ್ಲ, ವಾಟ್ಸಾಪಿಲ್ಲ, ಬಹಳಷ್ಟು ಜನಕ್ಕೆ ಅಕ್ಷರ ಇಲ್ಲ. (ನಮ್ಮ ಗ್ರೂಪುಗಳಲ್ಲಿ ಮುನ್ನೂರು ಜನ ಇದ್ದು ಸಭೆಗೆ ಹನ್ನೊಂದು ಜನ ಬರ್ತೀವಿ. ಇರಲಿ.) ಪೊಲೀಸರು ಹಿಡಿದು ದಂಡ ಹಾಕಿದರು. ಒಗೆಯೋರೆಲ್ಲ ವರ್ಷಕ್ಕೆ 25 ಡಾಲರ್ ಲೈಸೆನ್ಸ್ ಫೀಸು ಕಟ್ಟಬೇಕು ಅಂತ ನಗರಸಭೆ ಹೆದರಿಸ್ತು. ಅದಕ್ಕೆ ಆ ತಾಯಂದಿರು ಮೇಯರ್‌ಗೆ ಏನು ಬರೆದರು ಗೊತ್ತಾ? ಲೈಸೆನ್ಸ್ ಫೀಸು ಬೇಕಾದ್ರೆ ಕಟ್ತೀವಿ, ಆದರೆ ಆಮೇಲೆ ದರ ನಮ್ಮ ಕೈಯಲ್ಲಿರಬೇಕು ಅನ್ನೋ ಅರ್ಥದಲ್ಲಿ ಬರೆದರು. ಕೊನೆಗೆ ನಗರಸಭೆ ಆ ಫೀಸನ್ನ ಕೈಬಿಡ್ತು. ಇದನ್ನೆಲ್ಲ ಹಳೇ ದಾಖಲೆಗಳಿಂದ ಹೆಕ್ಕಿ ತೆಗೆದವರು ಟೆರಾ ಹಂಟರ್ ಅನ್ನೋ ಕಪ್ಪು ಇತಿಹಾಸಕಾರ್ತಿ. ಅವರ ಪುಸ್ತಕ ಬಂದಿದ್ದು 1997ರಲ್ಲಿ.

ಇನ್ನೊಬ್ಬಾಕೆ ಎಲೆನ್ ಎಗ್ಲಿನ್. ವಾಷಿಂಗ್ಟನ್ ನಗರದಲ್ಲಿ ಮನೆಗೆಲಸ ಮಾಡ್ತಿದ್ದ ಕಪ್ಪು ಹೆಂಗಸು. ಬಟ್ಟೆ ಹಿಂಡೋ ಒಂದು ಯಂತ್ರ ಕಂಡುಹಿಡಿದಳು. 1888ರಲ್ಲಿ ಅದರ ಹಕ್ಕನ್ನ ಒಬ್ಬ ಏಜೆಂಟ್‌ಗೆ ಮಾರಿಬಿಟ್ಟಳು. ಎಷ್ಟಕ್ಕೆ? 18 ಡಾಲರ್‌ಗೆ. ಯಾಕೆ ಅಂತ ಕೇಳಿದ್ದಕ್ಕೆ ಅವಳು ಕೊಟ್ಟ ಕಾರಣ ಇದು: ಕಪ್ಪು ಹೆಂಗಸು ಮಾಡಿದ್ದು ಅಂತ ಗೊತ್ತಾದರೆ ಬಿಳಿ ಹೆಂಗಸರು ಅದನ್ನ ಕೊಳ್ಳಲ್ಲ. ಇದನ್ನ ಓದಿದ ದಿನ ನಾನು ಶೆಡ್ಡಿನಲ್ಲಿ ಜೋರಾಗಿ ಓದಿ ಹೇಳಿದೆ. ನಮ್ಮ ಐಟಿಐ ಹುಡುಗಿ ಸ್ಪ್ಯಾನರ್ ಕೆಳಗಿಟ್ಟು, "ಮುಟ್ಟಿದ್ದು ಅಂದ್ರೆ ಮೈಲಿಗೆ, ಅಷ್ಟೇ ಅಲ್ವಾ ಅಂಕಲ್" ಅಂದಳು.

ಅಷ್ಟೇ. ಮುಂದಿನ ಶತಮಾನದಲ್ಲಿ ದೊಡ್ಡ ದೊಡ್ಡ ಲಾಂಡ್ರಿಗಳು, ಮೆಷಿನ್ನುಗಳು ಬಂದಾಗ ಅದೇ ದಕ್ಷಿಣದ ಕೆಲವು ಲಾಂಡ್ರಿಗಳು 'ಬಿಳಿಯರ ಬಟ್ಟೆ ಮಾತ್ರ ಒಗೆಯುತ್ತೇವೆ' ಅಂತ ಬೋರ್ಡ್ ಬರೆಸಿ ಜಾಹೀರಾತು ಮಾಡಿದವು. ತಲೆಮಾರುಗಟ್ಟಲೆ ಬಿಳಿಯರ ಒಳಬಟ್ಟೆ ಸಮೇತ ಒಗೆದವರ ಬಟ್ಟೆ, ಬಿಳಿಯರ ಬಟ್ಟೆ ಇರೋ ತೊಟ್ಟಿಗೆ ಬೀಳೋ ಹಾಗಿಲ್ಲ! ಜ್ಯೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನ, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕಾದ ಜನರಿಗೆ ಅರ್ಪಿಸಿದ್ದು ಸುಮ್ಮನೆ ಅಲ್ಲ. ಅವರಿಗೆ ಎರಡೂ ಕಡೆಯ ವಾಸನೆ ಗೊತ್ತಿತ್ತು.

ಈಗ ನಮ್ಮ ಕಡೆಗೆ ಬರ್ತೀನಿ.

ನಮ್ಮ ಭಾಷೆಯಲ್ಲೇ ನೋಡಿ. ಒಗೆದ ಬಟ್ಟೆಗೆ 'ಮಡಿ' ಅಂತೀವಿ, ಒಗೆಯದ ಬಟ್ಟೆಗೆ 'ಮೈಲಿಗೆ' ಅಂತೀವಿ. ದೇವರ ಕೋಣೆಗೆ ಹೋಗೋದಕ್ಕೂ ಅದೇ ಮಡಿ, ನಾವು ಮುಟ್ಟಿದರೆ ಆಗೋದೂ ಅದೇ ಮೈಲಿಗೆ. ಕೊಳೆಗೂ ಜಾತಿಗೂ ಒಂದೇ ಪದ. ಒಗೆಯೋನು ಮಡಿವಾಳ. ಹನ್ನೆರಡನೇ ಶತಮಾನದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಒಗೀತಾ, ಬಸವಣ್ಣನವರ ಜೊತೆಯಲ್ಲಿ ಸಮನಾಗಿ ನಿಂತರು. ಕಾಯಕ ದೊಡ್ಡದು ಅಂತ ಅವರು ಹೇಳಿಕೊಟ್ಟು ಎಂಟು ನೂರು ವರ್ಷ ಆದರೂ, ನಮ್ಮೂರಲ್ಲಿ ಅಗಸರು ಕೇರಿಯ ಬಟ್ಟೆ ಮುಟ್ತಿರಲಿಲ್ಲ. ಊರಿನವರ ಮದುವೆಯಲ್ಲಿ ಅವರು ನಡೆಮಡಿ ಹಾಸ್ತಿದ್ದರು. ನಮ್ಮ ಮದುವೆಗಳಲ್ಲಿ ನಾವು ಮಣ್ಣಿನ ಮೇಲೇ ನಡೆದ್ವಿ.

ಇದರಲ್ಲಿ ಅಗಸರದ್ದೇ ತಪ್ಪು ಅಂತ ನಾನು ಹೇಳಲ್ಲ. ನಮ್ಮ ಬಟ್ಟೆ ಮುಟ್ಟಿದ್ದಿದ್ರೆ ಗೌಡರ ಮನೆಯ ಆಯ ನಿಂತುಹೋಗ್ತಿತ್ತು. ವರ್ಷಕ್ಕೆ ಇಷ್ಟು ರಾಗಿ, ಸಂಜೆ ಮನೆಮನೆಯ ಕೂಳು, ಅಷ್ಟಕ್ಕೇ ಅವರ ಬದುಕು. ತಮಿಳುನಾಡಿನಲ್ಲಿ ಇದು ಇನ್ನೂ ಘೋರ. ಅಲ್ಲಿ ದಲಿತರ ಬಟ್ಟೆ ಒಗೆಯೋಕೆ ಅಂತಲೇ ಬೇರೆ ಒಂದು ಜಾತಿ, ಪುದಿರೈ ವಣ್ಣಾರ್. ತಿರುನೆಲ್ವೇಲಿ ಕಡೆ ಅವರು ಕಣ್ಣಿಗೆ ಬಿದ್ದರೂ ಮೈಲಿಗೆ ಅಂತ, ರಾತ್ರಿ ಹೊತ್ತು ಮಾತ್ರ ಆಚೆ ಬಂದು ಕೆಲಸ ಮಾಡಬೇಕಿತ್ತು ಅಂತ 1932ರ ಡಿಸೆಂಬರ್‌ನಲ್ಲಿ 'ದಿ ಹಿಂದೂ' ಪತ್ರಿಕೆ ಬರೀತು. ಮುಟ್ಟಬಾರದವರ ಬಟ್ಟೆ ಮುಟ್ಟಿದವರು ನೋಡಬಾರದವರಾದರು.

ಸರಿ, ನಾವೇ ಒಗ್ಕೊಳ್ತೀವಿ ಅಂದ್ರೆ ನೀರು? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯಲ್ಲಿ ಬೊಗಸೆ ನೀರು ಕುಡಿದಿದ್ದು ನಮಗೆಲ್ಲ ಬಾಯಿಪಾಠ. ನಾವು ಅದನ್ನ ಕುಡಿಯೋ ನೀರಿನ ಹೋರಾಟ ಅಂತ ಮಾತ್ರ ನೋಡ್ತೀವಿ. ಕೆರೆ ಇಲ್ಲ ಅಂದ್ರೆ ಸ್ನಾನ ಇಲ್ಲ, ಒಗೆಯೋದಿಲ್ಲ. ಆಮೇಲೆ ಅದೇ ಬಾಯಲ್ಲಿ 'ಅವರು ಗಲೀಜು' ಅಂತಾರೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಮಹಾಡದ ಎರಡನೇ ಸಮಾವೇಶದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳ ಜೊತೆ ಪ್ರತ್ಯೇಕವಾಗಿ ಮಾತಾಡಿದರು. ಶುಭ್ರವಾಗಿರಿ, ಅಸ್ಪೃಶ್ಯರು ಅಂತ ತೋರಿಸಿಕೊಡೋ ಒಡವೆ ತೆಗೆದುಹಾಕಿ, ಮೇಲ್ಜಾತಿ ಹೆಂಗಸರ ಹಾಗೇ ಸೀರೆ ಉಡಿ ಅಂದರು. ಮಾರನೇ ದಿನವೇ ಹೆಂಗಸರು ಸೀರೆ ಉಡೋ ರೀತಿ ಬದಲಾಯಿಸಿದರು.

ಸೀರೆ ಉಡೋದರಲ್ಲಿ ಏನಿದೆ ಅಂತ ಕೇಳೋರು 'ಜಾತಿ ವಿನಾಶ' ಓದಬೇಕು. 1928ರಲ್ಲಿ ಇಂದೋರ್ ಸೀಮೆಯ ಬಲಾಯಿ ಜನಕ್ಕೆ ಸವರ್ಣರು ಹೊರಡಿಸಿದ ಕಟ್ಟಪ್ಪಣೆಗಳನ್ನ ಬಾಬಾಸಾಹೇಬರು ಅದರಲ್ಲಿ ಕೊಟ್ಟಿದ್ದಾರೆ. ಜರಿ ಅಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಪಂಚೆ ಉಡಬಾರದು, ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು. ಒಪ್ಪದವರಿಗೆ ಬಾವಿ ಬಂದ್, ದನ ಮೇಯಿಸೋದು ಬಂದ್. ಇಸ್ತ್ರಿ ಶರ್ಟ್ ಹಾಕ್ಕೊಂಡು ಊರೊಳಗೆ ಬಂದಿದ್ದಕ್ಕೆ ನಮ್ಮ ಹುಡುಗರು ಏಟು ತಿಂದಿದ್ದು ನಮಗೇನು ಹೊಸದಲ್ಲ.

ನಮ್ಮವ್ವ ಒಗೀತಿದ್ದದ್ದು ಕೆರೆಯ ತೂಬಿನ ಕೆಳಗೆ, ಗದ್ದೆ ದಾಟಿದ ಮೇಲೆ ಸಿಗೋ ಹಳ್ಳದಲ್ಲಿ. ಮೇಲೆ ಊರಿನವರು ಒಗೆದ ನೀರು, ಎಮ್ಮೆ ಮೈ ತೊಳೆದ ನೀರು, ಕೊನೆಗೆ ನಮ್ಮ ಪಾಲಿಗೆ. ಸೋಪು ಇರ್ತಿರಲಿಲ್ಲ. ಚೌಳು ಮಣ್ಣು ಕೆರೆದು ತಂದು ನೆನೆಸಿ ಬಡೀತಿದ್ದಳು. ಹಬ್ಬಕ್ಕೆ ಮಾತ್ರ ಬಾರ್ ಸೋಪು, ಅದನ್ನೂ ದಾರದಲ್ಲಿ ಕೊಯ್ದು ನಾಲ್ಕು ಮನೆ ಹಂಚಿಕೊಳ್ತಿದ್ದರು. ನನ್ನ ಒಂದೇ ಬಿಳಿ ಯೂನಿಫಾರಂ ಶರ್ಟ್ ರಾತ್ರಿ ಒಗೆದು, ಒಲೆ ಮೇಲಿನ ಹಗ್ಗಕ್ಕೆ ಹಾಕ್ತಿದ್ದಳು. ಬೆಳಿಗ್ಗೆ ಹೊಗೆ ವಾಸನೆ. ಆ ವಾಸನೆಗೆ ಮೇಷ್ಟ್ರು ನನ್ನನ್ನ ಹಿಂದಿನ ಸಾಲಿಗೆ ಕೂರಿಸಿದ್ದು ಇನ್ನೂ ನೆನಪಿದೆ. ಹಾಸ್ಟೆಲಿಗೆ ಬಂದ ಮೇಲೆ ನಾವೇ ಒಗೆಯೋದು, ತಿಂಗಳಿಗೆ ಒಂದು ಸೋಪು. ಡಿಪೋ ಗೆಳೆಯನೂ ನಾನೂ ಒಂದೇ ಕಲ್ಲಿಗೆ ಜಗಳ ಆಡಿಯೇ ದೋಸ್ತಿ ಆಗಿದ್ದು.

ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ ಅನ್ನೋ ಪ್ರೊಫೆಸರ್ 2010ರಲ್ಲಿ ಒಂದು ಭಾಷಣ ಮಾಡಿದ್ದರು, ತುಂಬಾ ಜನ ನೋಡಿರ್ತೀರಿ. ಅವರ ಮನೆಗೆ ಮೊದಲ ವಾಷಿಂಗ್ ಮೆಷಿನ್ ಬಂದ ದಿನ, ಜೀವನವಿಡೀ ಸೌದೆ ಉರಿಸಿ ನೀರು ಕಾಯಿಸಿ ಏಳು ಮಕ್ಕಳ ಬಟ್ಟೆ ಒಗೆದಿದ್ದ ಅಜ್ಜಿ, ಮೆಷಿನ್ ಮುಂದೆ ಕುರ್ಚಿ ಹಾಕ್ಕೊಂಡು ಮುಗಿಯೋವರೆಗೂ ನೋಡ್ತಾ ಕೂತಳಂತೆ. ಆಮೇಲೆ ತಾಯಿ ಮಗನನ್ನ ಕರ್ಕೊಂಡು ಲೈಬ್ರರಿಗೆ ಹೋಗೋಕೆ ಟೈಮ್ ಸಿಕ್ಕಿತಂತೆ. ನನಗೆ ಆ ಮಾತು ತುಂಬಾ ಇಷ್ಟ. ಆದರೆ ರುತ್ ಶ್ವಾರ್ಟ್ಸ್ ಕೋವನ್ ಅನ್ನೋ ಇತಿಹಾಸಕಾರ್ತಿ 1983ರಲ್ಲೇ ಬೇರೆ ಮಾತು ಹೇಳಿದ್ದರು. ಅಮೆರಿಕಾದಲ್ಲಿ ಮೆಷಿನ್ ಬಂದ ಮೇಲೆ ಒಗೆಯೋಕೆ ಹೊರಗೆ ಹೋಗ್ತಿದ್ದ ಬಟ್ಟೆಯೆಲ್ಲ ಮತ್ತೆ ಮನೆಗೇ ಬಂತು, ಗೃಹಿಣಿಯ ಕೆಲಸ ನಾವಂದುಕೊಂಡಷ್ಟು ಕಡಿಮೆ ಆಗಲಿಲ್ಲ ಅಂತ. ಎರಡೂ ನಿಜವೇ ಇರಬೇಕು. ಯಾವ ಮನೆ, ಯಾರ ಕೈ ಅನ್ನೋದರ ಮೇಲೆ ಹೋಗ್ತದೆ. ನಮ್ಮ ಚಿಕ್ಕಮ್ಮ ಬೆಂಗಳೂರಲ್ಲಿ ಮನೆಗೆಲಸಕ್ಕೆ ಹೋಗ್ತಾಳೆ. ಆ ಮನೆಯಲ್ಲಿ ಬಟನ್ ಒತ್ತಿದರೆ ಹಾಡು ಹೇಳೋ ಮೆಷಿನ್ ಇದೆ. ಬಟ್ಟೆ ಹಾಕೋಳು, ತೆಗೆಯೋಳು, ಕಾಲರ್ ಉಜ್ಜೋಳು ಇವಳೇ. ಒಂದು ಮಳೆಗಾಲ ಇವಳ ಸೀರೆ ಪೂರ್ತಿ ನೆನೆದಿತ್ತು. ಹಿಂಡೋ ತೊಟ್ಟಿಗೆ ಒಂದ್ಸಲ ಹಾಕ್ಕೊಳ್ಳಲಾ ಅಂತ ಕೇಳಿದಳು. ಆ ಮನೆಯಮ್ಮ, "ಅದರಲ್ಲಿ ನಮ್ಮ ಬಟ್ಟೆ ಹಾಕ್ತೀವಲ್ಲ" ಅಂದರಂತೆ. ಅಷ್ಟೇ ಅಂದಿದ್ದು.

ಪಂಜಾಬಿನ ಢಾಬಾಗಳಲ್ಲಿ ವಾಷಿಂಗ್ ಮೆಷಿನ್ನಿಗೆ ಮೊಸರು ಹಾಕಿ ಲಸ್ಸಿ ಕಡೀತಾರೆ. ಮೆಷಿನ್ನಿಗೆ ಒಳಗೆ ಬಿದ್ದದ್ದು ಏನು ಅಂತ ಗೊತ್ತಿಲ್ಲ, ತಿರುಗ್ತದೆ ಅಷ್ಟೇ. ಗೊತ್ತಿರೋದು ಮುಚ್ಚಳ ತೆಗೆಯೋರಿಗೆ.

ವೈಂಡಿಂಗ್ ಅಣ್ಣ ಮಡಿವಾಳರು. ಇದನ್ನ ಮೊದಲೇ ಹೇಳಬೇಕಿತ್ತೇನೋ. ನಮ್ಮ ಪಕ್ಕದೂರಿನವರು. ಹಲವು ರಾಜ್ಯಗಳಲ್ಲಿ ಧೋಬಿಗಳು ಎಸ್‌ಸಿ ಪಟ್ಟಿಯಲ್ಲಿದ್ದಾರೆ, ನಮ್ಮಲ್ಲಿ ಮಡಿವಾಳರು ಹಿಂದುಳಿದ ವರ್ಗದಲ್ಲಿ. ತಮ್ಮನ್ನೂ ಪಟ್ಟಿಗೆ ಸೇರಿಸಿ ಅಂತ ಅವರ ಸಮುದಾಯದ ಹೋರಾಟ ನಡೀತಿದೆ, ನಮ್ಮವರಲ್ಲಿ ಅದಕ್ಕೆ ವಿರೋಧವೂ ಇದೆ. ಶೆಡ್ಡಿನಲ್ಲಿ ಒಂದ್ಸಲ ಆ ಮಾತು ಬಂದು ಇಬ್ಬರೂ ಬಿಸಿಯಾಗಿ ಎರಡು ಭಾನುವಾರ ಕೆಲಸ ನಿಂತುಹೋಗಿತ್ತು. ಮೂರನೇ ಭಾನುವಾರ ಅವರೇ ಫೋನ್ ಮಾಡಿದರು, "ಬುಶ್ ಸಿಕ್ಕಿದೆ, ಬಾರಯ್ಯ" ಅಂತ. ಹೋದೆ. ಆ ದಿನ ತೊಟ್ಟಿಗೆ ಮೊದಲ ಸಲ ನೀರು ತುಂಬಿ ಟ್ರಯಲ್ ನೋಡಬೇಕಿತ್ತು. ಹಾಕೋಕೆ ಬಟ್ಟೆ ಇಲ್ಲ. ನನ್ನ ಗ್ರೀಸ್ ಆದ ಶರ್ಟ್ ಬಿಚ್ಚಿ ಹಾಕಿದೆ. ಅವರು ತಮ್ಮ ಬನಿಯನ್, ಹೆಗಲ ಮೇಲಿನ ಟವಲ್ ಹಾಕಿದರು. ಚಕ್ರ ತಿರುಗ್ತು. ಇಬ್ಬರೂ ಬರಿಮೈಯಲ್ಲಿ ನಿಂತು ನೋಡ್ತಿದ್ವಿ. ಸ್ವಲ್ಪ ಹೊತ್ತಾದ ಮೇಲೆ ಅವರು ನನ್ನ ಮುಖ ನೋಡದೆ, "ನಮ್ಮಜ್ಜ ನಿಮ್ಮ ಕೇರಿ ಬಟ್ಟೆ ಕೋಲಲ್ಲೂ ಮುಟ್ತಿರಲಿಲ್ಲ ಕಣಯ್ಯ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. "ನೀರು ಸೋರ್ತಿದೆ ನೋಡಣ್ಣ" ಅಂದೆ. ನಿಜಕ್ಕೂ ಸೋರ್ತಿತ್ತು, ಸೀಲ್ ಸರಿ ಕೂತಿರಲಿಲ್ಲ.

ತಮ್ಮಾ, ನಿನ್ನ ಪ್ರಶ್ನೆಗೆ ಇಷ್ಟು ಉತ್ತರ. ಸಭೆಗೂ ಬರ್ತೀನಿ, ಶೆಡ್ಡಿಗೂ ಹೋಗ್ತೀನಿ.

ಮೊನ್ನೆ ಅವ್ವನನ್ನ ಕರ್ಕೊಂಡು ಬಂದು ತೋರಿಸಿದೆ. ಕುರ್ಚಿ ಹಾಕಿ ಕೂರಿಸಿದೆ, ಕೂರಲಿಲ್ಲ. ನಿಂತೇ ಬಗ್ಗಿ ನೋಡಿದಳು. ಒಗೆದಿದ್ದು ಮುಗಿದು ಕೊಳೆ ನೀರು ಪೈಪಿನಲ್ಲಿ ಹೋಗೋಕೆ ಶುರುವಾದಾಗ ಒಂದೇ ಒಂದು ಮಾತು ಕೇಳಿದಳು: "ಈ ನೀರು ಎಲ್ಲಿಗೆ ಹೋಗ್ತದೆ? ಕೆಳಗಡೆ ಯಾರ ಮನೆ ಐತೆ?" ಶೆಡ್ಡಿನ ಹಿಂದೆ ಚರಂಡಿ ಇದೆ ಅಂದೆ. ಹೋಗಿ ನೋಡಿಕೊಂಡೇ ಬಂದಳು.

ಮೆಷಿನ್ ರೆಡಿ ಆದ ಮೇಲೆ ಹೆಣ್ಣುಮಕ್ಕಳ ಹಾಸ್ಟೆಲ್ ಒಂದಕ್ಕೆ ಕೊಡೋ ಯೋಚನೆ ಇದೆ, ವಾರ್ಡನ್ ಒಪ್ಪಿದ್ದಾರೆ. ಹಿಂಡೋ ತೊಟ್ಟಿಯ ಟೈಮರ್ ಒಂದು ಸಿಗ್ತಿಲ್ಲ. ಹಳೇದು, ಚಾವಿ ಥರ ತಿರುಗಿಸೋದು, ಐದು ನಿಮಿಷದ್ದು, ಎರಡು ತಂತಿ ಬರ್ತವೆ. ಮುಚ್ಚಳ ತೆಗೆದ ತಕ್ಷಣ ತೊಟ್ಟಿ ನಿಲ್ಲಿಸೋ ಬ್ರೇಕ್ ವೈರ್ ಕೂಡ ಬೇಕು. ಅದಿಲ್ಲದೆ ಹುಡುಗಿಯರ ಕೈಗೆ ಮೆಷಿನ್ ಕೊಡೋಕೆ ನಾವು ತಯಾರಿಲ್ಲ. ಯಾರ ಮನೆಯ ಅಟ್ಟದಲ್ಲಾದ್ರೂ ಸತ್ತ ಮೆಷಿನ್ ಬಿದ್ದಿದ್ರೆ ಗುಜರಿಗೆ ಹಾಕೋ ಮುಂಚೆ ನನಗೊಂದು ಮೆಸೇಜ್ ಹಾಕಿ. ಬಂದು ನಾವೇ ಹೊತ್ಕೊಂಡು ಹೋಗ್ತೀವಿ.